ಗಿಣಿ ಕ್ಲಬ್ಬಿನಲ್ಲಿ ಬಿಟ್ಟುಬಂದ ಕಾಯಿ

ಕಾಲಿ ನಗರ, ಕೊಲಂಬಿಯಾ
28 ಆಗಸ್ಟ್ 1983

ಪ್ರೀತಿಯ ಅಜ್ಜಿಗೆ,

ನಿನ್ನ ಮೊಮ್ಮಗಳು ಶಾಂತಕುಮಾರಿ ಬದುಕಿದ್ದಾಳೆ ಎಂದು ಮೊದಲು ಬರೆದುಬಿಡುತ್ತೇನೆ. ಶಿವರುದ್ರಮ್ಮ ಟೀಚರ್ ಈ ಕಾಗದ ಓದಿ ಹೇಳುವಾಗ ಮೊದಲ ಸಾಲಿಗೇ ನಿನಗೆ ಉಸಿರು ಬರಲಿ. ಟೀಚರ್, ನನ್ನ ಕನ್ನಡದ ಮಿಸ್ಟೇಕುಗಳನ್ನು ಮನ್ನಿಸಿ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಬರುವುದು ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಇಲ್ಲಿ ಎರಡೂ ನಡೆಯುವುದಿಲ್ಲ.

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದವರು ಇಲ್ಲಿ ನನ್ನನ್ನು ಇರಿಸಿರುವ ಮನೆಯಲ್ಲಿ ಲುಸಿಯಾ ಎಂಬ ಹುಡುಗಿ ಇದ್ದಾಳೆ. ನನಗಿಂತ ಎರಡು ವರ್ಷ ದೊಡ್ಡವಳು. ಅವಳಿಗೆ ಇಂಗ್ಲಿಷ್ ಬರುತ್ತದೆ, ಅವಳ ಅಮ್ಮನಿಗೆ ಬರುವುದಿಲ್ಲ. ಅಮ್ಮ ಏನು ಹೇಳಿದರೂ ನಾನು ತಲೆ ಆಡಿಸುತ್ತೇನೆ, ಅದಕ್ಕೆ ಮೂರು ಸಲ ಸಾರು ಹಾಕಿಬಿಡುತ್ತಾರೆ. ಬ್ಯಾಂಕಿನ ಬಾಗಿಲಲ್ಲಿ, ಅಂಗಡಿಯ ಬಾಗಿಲಲ್ಲಿ ಗನ್ ಹಿಡಿದ ಕಾವಲುಗಾರರು ನಿಂತಿರುತ್ತಾರೆ. ಎಲ್ಲರಿಗೂ ಅದು ಮಾಮೂಲು. ನಾನು ಮಾತ್ರ ರಸ್ತೆಯ ಆ ಕಡೆ ದಾಟಿ ಹೋಗುತ್ತೇನೆ.

ನೀನು ಕಟ್ಟಿಕೊಟ್ಟ ಮುಡಿಪಿನ ಕಾಯಿ ದಿಂಬಿನ ಪಕ್ಕದಲ್ಲೇ ಇದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಹಳದಿ ಬಟ್ಟೆ ಮುಟ್ಟಿ ಏನೋ ಕೇಳಿದ. ನಾನು ಕೈ ಮುಗಿದೆ. ಅಲ್ಲಾಡಿಸಿ ನೋಡಿ ಬಿಟ್ಟುಬಿಟ್ಟ. ಊರಿಗೆ ವಾಪಸು ಬಂದು ಕೊಲ್ಲಾಪುರದಮ್ಮನ ಮುಂದೆ ಇಡುವವರೆಗೆ ಗಂಟು ಬಿಚ್ಚುವುದಿಲ್ಲ, ಹೊತ್ತು ಮುಳುಗಿದ ಮೇಲೆ ಅದಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಮಾತು ಕೊಟ್ಟಿದ್ದೇನಲ್ಲ.

ಒಂದು ಕೇಳಬೇಕು. ನಾನು ಹೊರಟ ದಿನ ಬಸ್ಸಿನ ತನಕ ಎಲ್ಲರೂ ಬಂದರು. ನೀನು ಮಾತ್ರ ಜಗುಲಿಯಿಂದ ಏಳಲೇ ಇಲ್ಲ. ನಾನು ಕಾಲಿಗೆ ಬಿದ್ದಾಗಲೂ ನೀನು ಕೂತೇ ಇದ್ದೆ. ಹೋಗುತ್ತೇನೆ ಅಂದದ್ದಕ್ಕೆ ನಿನಗೆ ಕೋಪವಾ?

ನಿನ್ನ
ಶಾಂತೂ


ದಬ್ಬೇಘಟ್ಟ
20 ಸೆಪ್ಟೆಂಬರ್ 1983

ಮಗಾ ಶಾಂತೂ,

(ನಿನ್ನ ಅಜ್ಜಿ ಚಿಕ್ಕಗೌರಮ್ಮನವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ತಿದ್ದಲು ಹೋದರೆ ಬೈಯುತ್ತಾರೆ. ಶಿವರುದ್ರಮ್ಮ.)

ನನಗ್ಯಾಕೆ ಕೋಪ ಬತ್ತದೆ ಕಣೇ. ಎಲ್ಲಾರೂ ಬಸ್ ಹತ್ರ ಹೋದ್ರೆ ಮನೆ ಕಾಯೋರು ಯಾರು? ಆ ಮಾತು ಬುಡು.

ಕಾಯಿ ಸಂಗತಿ ಸರಿಯಾಗಿ ಬರಿ. ಇದೆ ಅಂದ್ರೆ ಸಾಲದು. ಕಿವಿ ಹತ್ರ ಹಿಡಿದು ಅಲ್ಲಾಡಿಸು. ಸದ್ದು ಹೆಂಗೈತೆ? ಗಡಗಡ ಅನ್ನುತ್ತೋ, ಮೆತ್ತಗೆ ಗುದ್ದಿದಂಗೆ ಅನ್ನುತ್ತೋ? ಒಳಗೆ ಕೊಬ್ಬರಿ ಬಿಟ್ಟುಕೊಂಡು ಆಡ್ತಿದ್ರೆ ಸದ್ದು ಗಟ್ಟಿಯಾಗಿ ಬರಬೇಕು. ಪ್ರತಿ ಕಾಗದದಲ್ಲೂ ಬರಿ, ಮರೀಬೇಡ.

ಕೊಬ್ಬರಿ ಆಗ್ಲಿ ಅಂತ ಅಟ್ಟದ ಮೇಲೆ ಒಣಗಾಕಿರೋ ಕಾಯನ್ನ ಈಗ ನಿಮ್ಮಪ್ಪನೇ ಹತ್ತಿ ನೋಡ್ಕೊಳ್ತಾನೆ. ಅವನಿಗೆ ಎಲ್ಲಾ ಕಾಯೂ ಒಂದೇ ಥರ ಕೇಳುತ್ತೆ, ಕೆಳಗೆ ಕೂತು ನಾನೇ ಹೇಳಬೇಕು, ಅದಲ್ಲ ಕಣ್ಲಾ, ಆ ಪಕ್ಕದ್ದು ಅಂತ. ಅವನು ಒಂದು ಮಾತು ಹೇಳವ್ನೆ. ಮಗಳ ಮೇಲೆ ಅಲ್ಲಿಂದ ಏನಾದ್ರೂ ದೂರು ಬಂದ್ರೆ ಹಾಸ್ಟೆಲ್ ಸೀಟು ಬಿಡಿಸಿ ಮನೇಲಿ ಕೂರಿಸ್ತೀನಿ ಅಂತ. ಸುಮ್ನೆ ಹೇಳ್ತಾನೆ ಅನ್ಕೋಬೇಡ.

ನಿನ್ನಜ್ಜಿ


ಕಾಲಿ ನಗರ
16 ಅಕ್ಟೋಬರ್ 1983, ಭಾನುವಾರ

ಪ್ರೀತಿಯ ಅಜ್ಜಿಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಶುಕ್ರವಾರ ಸಂಜೆ ಲುಸಿಯಾಳ ನೆಂಟರ ಮನೆಗೆ ಹೋಗಿದ್ದೆವು. ನಮ್ಮಲ್ಲಿ ಭಜನೆಗೆ ಸೇರುತ್ತಾರಲ್ಲ, ಆ ಥರ ಹತ್ತಾರು ಜನ ಸೇರಿ ಹಾಡುತ್ತಿದ್ದರು. ಬೇಗ ಬಂದುಬಿಟ್ಟೆವು. ಲುಸಿಯಾ ಬಚ್ಚಲಲ್ಲಿ ಜಾರಿಬಿದ್ದು ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ಅದು ಬಿಟ್ಟರೆ ವಿಶೇಷ ಏನೂ ಇಲ್ಲ.

ಕಾಯಿ ಚೆನ್ನಾಗಿದೆ.

ಶಾಂತೂ


ಕಾಲಿ ನಗರ
16 ಅಕ್ಟೋಬರ್ 1983

ಶಿವರುದ್ರಮ್ಮ ಟೀಚರ್‌ಗೆ,

ಇದನ್ನು ಸ್ಕೂಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಜ್ಜಿಗೆ ಓದಬೇಡಿ. ಅಜ್ಜಿಗೆ ಬರೆದದ್ದು ಸುಳ್ಳು.

ಶುಕ್ರವಾರ ರಾತ್ರಿ ಲುಸಿಯಾ ನನ್ನನ್ನು ಡಾನ್ಸ್ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಅಂಥ ಜಾಗಕ್ಕೆ ಹೋಗಬಾರದು ಎಂದು ಕಾರ್ಯಕ್ರಮದವರು ಕೊಟ್ಟ ರೂಲ್ಸ್ ಕಾಗದದಲ್ಲಿ ಮೂರನೇ ಸಾಲಿನಲ್ಲೇ ಇದೆ. ಸಹಿ ಹಾಕಿದವಳು ನಾನೇ. ‘ಈ ಊರಿಗೆ ಬಂದು ಡಾನ್ಸ್ ನೋಡದೆ ಹೋದರೆ ನಿನ್ನ ಅಜ್ಜಿಗೆ ಏನು ಹೇಳುತ್ತೀ’ ಅಂದಳು. ಅಜ್ಜಿಗೆ ಹೇಳುವ ವಿಷಯವೇ ಅಲ್ಲವಲ್ಲ ಇದು ಅಂದುಕೊಂಡೆ, ಆದರೂ ಹೋದೆ. ಹೊತ್ತು ಮುಳುಗಿತ್ತಲ್ಲ, ಕಾಯಿಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡೆ.

ಕ್ಲಬ್ಬಿನ ಹೆಸರಿಗೆ ಗಿಣಿ ಎಂದು ಅರ್ಥವಂತೆ. ಕೈ ಎತ್ತಿದರೆ ಸೂರು ಸಿಗುವಷ್ಟು ತಗ್ಗಿನ ಹಾಲ್, ಕೆಂಪು ಬಲ್ಬು, ಗೋಡೆಯೆಲ್ಲ ಬೆವತಿತ್ತು. ಐದಾರು ಜನ ಒಟ್ಟಿಗೆ ತುತ್ತೂರಿ ಊದುತ್ತಿದ್ದರು. ಒಬ್ಬ ದನದ ಕೊರಳಿನ ಗಂಟೆಯಂಥದನ್ನು ಕೋಲಿನಿಂದ ಬಡಿಯುತ್ತಿದ್ದ. ಜೋಡಿ ಜೋಡಿಯಾಗಿ ಕುಣಿಯುತ್ತಾರೆ, ಟೀಚರ್. ಕಾಲು ಹೊಲಿಗೆ ಮೆಶಿನ್ನಿನ ಸೂಜಿಯಷ್ಟು ಬೇಗ ಓಡುತ್ತದೆ, ಮುಖ ಮಾತ್ರ ಬಸ್ಸಿಗೆ ಕಾಯುತ್ತ ನಿಂತವರ ಹಾಗೆ ಶಾಂತವಾಗಿರುತ್ತದೆ. ನಮ್ಮ ಅಜ್ಜಿಯ ವಯಸ್ಸಿನವರೊಬ್ಬರು ಬೆಳ್ಳಿ ಬಣ್ಣದ ಚಪ್ಪಲಿ ಹಾಕಿಕೊಂಡು ಮೊಮ್ಮಗನ ಕೈ ಹಿಡಿದು ತಿರುಗುತ್ತಿದ್ದರು. ಲುಸಿಯಾ ಎಳೆದಳು ಅಂತ ನಾನೂ ಒಂದು ಹಾಡಿಗೆ ಹೆಜ್ಜೆ ಹಾಕಿದೆ. ಈ ಊರಿಗೆ ಬಂದಮೇಲೆ ಮೊದಲ ಸಲ, ಆ ಒಂದು ಹಾಡಿನಷ್ಟು ಹೊತ್ತು ನನಗೆ ಭಯವಾಗಲಿಲ್ಲ. ಅದನ್ನು ಯಾರಿಗಾದರೂ ಹೇಳಬೇಕಿತ್ತು, ನಿಮಗೆ ಹೇಳುತ್ತಿದ್ದೇನೆ.

ಹಾಡು ನಿಂತಾಗ ವಾದ್ಯದವರು ನಮ್ಮ ಪಕ್ಕದ ಟೇಬಲ್ಲಿಗೆ ಬಂದು ಕೂತರು. ಅವರಲ್ಲಿ ಅನ್ಸೆಲ್ಮೊ ಎಂಬ ಮುದುಕ. ಅವನ ವಾದ್ಯ ಎಂದರೆ ಎರಡು ಸೋರೆ ಬುರುಡೆ, ಒಳಗೆ ಬೀಜ, ಹಿಡಿಯಲು ಕಡ್ಡಿ. ಅಲ್ಲಾಡಿಸಿದರೆ ಗಡಗಡ. ನಾನು ಚೀಲ ಸರಿಸಿದಾಗ ನನ್ನ ಕಾಯಿಯೂ ಗಡಗಡ ಎಂದಿತು. ತಟ್ಟನೆ ತಿರುಗಿದ. ತೋರಿಸು ಎಂದು ಕೈ ಮಾಡಿದ. ಬಟ್ಟೆ ಬಿಚ್ಚದೆ ಕೊಟ್ಟೆ. ಅವನು ಅದನ್ನು ಕಿವಿ ಪಕ್ಕ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಅಲ್ಲಾಡಿಸಿದ. ಥೇಟ್ ಅಜ್ಜಿ ಅಟ್ಟದ ಮೇಲೆ ಮಾಡುತ್ತಾರಲ್ಲ, ಹಾಗೇ. ಅವನು ಸಮುದ್ರದ ಕಡೆಯವನಂತೆ. ‘ನಮ್ಮೂರಲ್ಲೂ ತೆಂಗು ಇದೆ, ಆದರೆ ಹಾಡುವ ಕಾಯಿ ಇವತ್ತೇ ನೋಡಿದ್ದು’ ಅಂದದ್ದನ್ನು ಲುಸಿಯಾ ಹೇಳಿದಳು. ಆಮೇಲೆ ಅವನೇ ಅದನ್ನು ಚೀಲಕ್ಕೆ ಹಾಕಿ, ಬಗ್ಗಿ ನನ್ನ ಕುರ್ಚಿಯ ಕೆಳಗೆ ಜೋಪಾನವಾಗಿ ಇಟ್ಟ.

ಮತ್ತೆ ಹಾಡು ಶುರುವಾಯಿತು. ಎತ್ತರದ ಗಂಡಸೊಬ್ಬ ಬಂದು ನನ್ನ ಮುಂದೆ ಕೈ ಚಾಚಿದ. ಅವನು ಕೆಟ್ಟವನೇನಲ್ಲ, ಡಾನ್ಸಿಗೆ ಕರೆದ, ಅಷ್ಟೇ. ನನಗೆ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗೆ ಅನ್ನಿಸಿತು. ಎದ್ದು ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಂಡೆ. ಕಾಯಿ ಅಲ್ಲೇ ಉಳಿಯಿತು.

ಒಳಗಿದ್ದಾಗ ಹಾಡು ಅರ್ಧಕ್ಕೆ ನಿಂತಿತು. ಯಾರದೋ ಕಾಲು ತಗುಲಿ ಚೀಲದಿಂದ ಕಾಯಿ ಉರುಳಿಕೊಂಡು ಹಾಲಿನ ಮಧ್ಯಕ್ಕೆ ಹೋಗಿದೆ. ಹಳದಿ ಬಟ್ಟೆ, ಕೆಂಪು ದಾರ, ಗುಂಡಗೆ, ಗಟ್ಟಿಯಾಗಿ. ಈ ಊರಲ್ಲಿ ಆಗಾಗ ಬಾಂಬ್ ಇಡುತ್ತಾರಂತೆ. ಯಾರೋ ಆ ಹೆಸರು ಕೂಗಿದರು. ನಾನು ಚಿಲಕ ತೆಗೆಯುವಷ್ಟರಲ್ಲಿ ಇನ್ನೂರು ಜನ ಒಂದೇ ಬಾಗಿಲಿಗೆ ನುಗ್ಗುತ್ತಿದ್ದರು. ಆ ನೂಕಿನಲ್ಲೇ ಲುಸಿಯಾಳ ಮೊಣಕೈ ಮುರಿದದ್ದು. ಬಚ್ಚಲು ಗಿಚ್ಚಲು ಏನೂ ಇಲ್ಲ.

ಪೊಲೀಸರು ಬಂದರು. ಕುರ್ಚಿಯ ಕೆಳಗೆ ಬಗ್ಗಿ ಅದನ್ನು ಇಟ್ಟವನು ಅನ್ಸೆಲ್ಮೊ ಎಂದು ನಾಲ್ಕು ಜನ ಹೇಳಿದರು. ಹಿಡಿದುಕೊಂಡು ಹೋದರು. ಕ್ಲಬ್ಬಿನಲ್ಲಿ ಟಿಕೆಟ್ ಕೊಡುವ ಹುಡುಗಿ ನಿನ್ನೆ ಲುಸಿಯಾಗೆ ಫೋನ್ ಮಾಡಿದ್ದಳು. ಅದು ತೆಂಗಿನಕಾಯಿ ಎಂದು ಅವನು ಹೇಳುತ್ತಲೇ ಇದ್ದಾನಂತೆ. ತೆಂಗಿನಕಾಯಿಗೆ ಬಟ್ಟೆ ತೊಡಿಸಿ ಡಾನ್ಸಿಗೆ ಯಾರು ಕರೆತರುತ್ತಾರೆ ಎಂದು ಅವರು ನಗುತ್ತಾರಂತೆ. ಯಾರದು ಅಂದರೆ ಗೊತ್ತಿಲ್ಲ ಎನ್ನುತ್ತಾನಂತೆ. ನನ್ನ ಮುಖ ನೋಡಿದ್ದಾನೆ, ಟೀಚರ್. ಬೇಕೆಂದೇ ಹೇಳುತ್ತಿಲ್ಲ. ಕಾಯಿಯನ್ನು ಸ್ಟೇಷನ್ ಹಿತ್ತಲಲ್ಲಿ ಮರಳಿನಲ್ಲಿ ಹೂತಿದ್ದಾರೆ. ಸೈನ್ಯದ ತಜ್ಞ ಯಾವಾಗ ಬರುತ್ತಾನೋ ಗೊತ್ತಿಲ್ಲ. ಅಲ್ಲಿಯವರೆಗೆ ಮುದುಕನನ್ನು ಬಿಡುವುದಿಲ್ಲ, ಹೊಡೆಯುತ್ತಲೂ ಇರಬಹುದು ಅಂದಳು ಆ ಹುಡುಗಿ.

ನಾನು ಹೋಗಿ ನನ್ನದು ಎಂದರೆ ನನ್ನನ್ನು ವಾಪಸು ಕಳಿಸುತ್ತಾರೆ, ಅಪ್ಪನಿಗೆ ದೂರು ಬರುತ್ತದೆ, ಸೀಟು ಹೋಗುತ್ತದೆ. ಲುಸಿಯಾ ಬೇಡವೇ ಬೇಡ ಎಂದು ಅಳುತ್ತಿದ್ದಾಳೆ, ಅವಳ ಅಮ್ಮನಿಗೆ ಅವಳು ಹೇಳಿರುವುದೂ ಬಚ್ಚಲಿನ ಕತೆಯೇ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಕಾಯಿ ಎಂದು ನಂಬಿಸಲು ಒಡೆದು ತೋರಿಸಬೇಕು. ಮುಡಿಪನ್ನು ಹಾದಿಯಲ್ಲೇ ಒಡೆದರೆ ಕಟ್ಟಿದವರಿಗೂ ಹೊತ್ತವರಿಗೂ ಒಳ್ಳೆಯದಲ್ಲ ಎಂದು ಅಜ್ಜಿ ಎಷ್ಟು ಸಲ ಹೇಳಿದ್ದಾರೆ. ನಾನು ಸೈನ್ಸ್ ಸ್ಟೂಡೆಂಟ್. ಆದರೂ ಅದನ್ನು ನಂಬದೆ ಇರಲು ಆಗುತ್ತಿಲ್ಲ.

ಏನು ಮಾಡಲಿ ಹೇಳಿ. ನಿಮ್ಮ ಉತ್ತರಕ್ಕೆ ನಲವತ್ತು ದಿನ ಬೇಕು ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಶಾಂತಕುಮಾರಿ


ಕಾಲಿ ನಗರ
18 ಅಕ್ಟೋಬರ್ 1983, ಮಂಗಳವಾರ

ಟೀಚರ್,

ನಿನ್ನೆ ಹೋದೆ. ಒಬ್ಬಳೇ ಬಸ್ ಸ್ಟಾಪಿಗೆ ನಡೆದೆ. ಯಾವ ಬಸ್ಸು ಎಂದು ತಿಳಿಯದೆ ನಿಂತಿದ್ದಾಗ ಲುಸಿಯಾ ಪ್ಲಾಸ್ಟರ್ ಕೈ ಹಿಡಿದುಕೊಂಡು ಬಂದಳು. ‘ನಿನ್ನ ಸ್ಪ್ಯಾನಿಷ್‌ನಲ್ಲಿ ಹೇಳಿದರೆ ಇಬ್ಬರಿಗೂ ಗಲ್ಲು’ ಅಂದಳು. ಅಷ್ಟೇ ಮಾತು.

ಸ್ಟೇಷನ್ನಿನಲ್ಲಿ ಯಾರೂ ನಂಬಲಿಲ್ಲ. ತೆಂಗಿನಕಾಯಿಯೇ ಆಗಿದ್ದರೆ ನೀನೇ ಒಡಿ ಎಂದು ಆಫೀಸರ್ ಹಿತ್ತಲಿಗೆ ಕರೆದುಕೊಂಡು ಹೋದ. ಮರಳಿನಿಂದ ನಾನೇ ತೆಗೆಯಬೇಕಾಯಿತು. ಪೊಲೀಸರೆಲ್ಲ ಗೋಡೆಯ ಆಚೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಲುಸಿಯಾಳನ್ನೂ ಎಳೆದುಕೊಂಡರು. ಅಷ್ಟು ದೊಡ್ಡ ಅಂಗಳದಲ್ಲಿ ನಾನು ಒಬ್ಬಳೇ, ಮುಂದೆ ಒಂದು ಕಲ್ಲು. ದೊಡ್ಡ ದೊಡ್ಡ ಗಂಡಸರು ಅಷ್ಟು ಹೆದರಿದ್ದನ್ನು ನೋಡಿ ನನಗೇ ಅನುಮಾನ ಬಂತು. ಇದು ಅಜ್ಜಿಯ ಕಾಯಿಯೇನಾ? ಮರಳಿನಲ್ಲಿ ಯಾರಾದರೂ ಬದಲಿಸಿದ್ದರೆ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಗಡಗಡ ಎಂದಿತು. ಗಂಟು ಬಿಚ್ಚಿ ಬಟ್ಟೆ ತೆಗೆದು, ಕಣ್ಣು ಮುಚ್ಚಿಕೊಂಡು ಕಲ್ಲಿಗೆ ಹೊಡೆದೆ.

ಎರಡನೇ ಏಟಿಗೆ ಚಿಪ್ಪು ಒಡೆಯಿತು. ಉಂಡೆ ಕೊಬ್ಬರಿ ಇಡಿಯಾಗಿ ಮರಳಿನ ಮೇಲೆ ಉರುಳಿತು. ಗೋಡೆಯ ಮೇಲೆ ಒಂದೊಂದೇ ಟೋಪಿ ಎದ್ದಿತು. ಆಮೇಲೆ ಅವರು ನಕ್ಕದ್ದನ್ನು ಕೇಳಬೇಕಿತ್ತು. ಆಫೀಸರ್ ಮಾತ್ರ ನಗಲಿಲ್ಲ, ಚಾಕು ತರಿಸಿ ಉಂಡೆಯನ್ನೂ ಎರಡು ಹೋಳು ಮಾಡಿಸಿದ.

ಒಳಗೆ ಒಂದು ಕಡೆ ಬೆಳ್ಳಗಿತ್ತು. ಇನ್ನೊಂದು ಕಡೆ ಕಪ್ಪಾಗಿ ಬೂಸಲು ಹಿಡಿದಿತ್ತು.

ಅನ್ಸೆಲ್ಮೊನನ್ನು ಸಂಜೆ ಬಿಟ್ಟರು. ತುಟಿ ಊದಿತ್ತು. ಬಿಳಿ ಹೋಳಿನಲ್ಲಿ ಒಂದು ಚೂರು ಬಾಯಿಗೆ ಹಾಕಿಕೊಂಡು, ನನ್ನ ತಲೆಯ ಮೇಲೆ ಕೈ ಇಟ್ಟು, ಏನೋ ಹೇಳಿ ಹೋದ. ಏನೆಂದು ಲುಸಿಯಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕಣ್ಣೆಲ್ಲ ಆ ಕಪ್ಪು ಹೋಳಿನ ಮೇಲೇ ಇತ್ತು.

ಕಾರ್ಯಕ್ರಮದವರಿಗೆ ನಾನೇ ಹೇಳಿಬಿಟ್ಟೆ. ಫೆಬ್ರವರಿಯವರೆಗೆ ಇರಬೇಕಾದವಳನ್ನು ಡಿಸೆಂಬರ್ ಇಪ್ಪತ್ತಕ್ಕೆ ವಾಪಸು ಕಳಿಸುತ್ತಾರೆ. ಅಪ್ಪನಿಗೆ ಇಂಗ್ಲಿಷ್‌ನಲ್ಲಿ ಕಾಗದ ಬರುತ್ತದೆ. ಓದಿಸಲು ನಿಮ್ಮ ಹತ್ತಿರವೇ ತರುತ್ತಾರೆ.

ಅಜ್ಜಿಗೆ ಹೇಳಲೇಬೇಕಾಗಿ ಬಂದರೆ, ಕಾಯಿ ಪೂರ್ತಿ ಬೆಳ್ಳಗಿತ್ತು ಎಂದು ಹೇಳಿ. ಅಜ್ಜಿ ಹೇಗಿದ್ದಾರೆ? ನಿಜ ಬರೆಯಿರಿ. ಕಪ್ಪಾದದ್ದು ಕಟ್ಟಿದವರ ಪಾಲಿನ ಹೋಳೋ, ಹೊತ್ತವಳ ಪಾಲಿನದೋ ಎಂಬುದೇ ಯೋಚನೆ.

ಶಾಂತ


ದಬ್ಬೇಘಟ್ಟ
6 ನವೆಂಬರ್ 1983

ಚಿರಂಜೀವಿ ಶಾಂತಳಿಗೆ,

ಹದಿನಾರನೇ ತಾರೀಖಿನ ನಿನ್ನ ಎರಡೂ ಕಾಗದ ದೀಪಾವಳಿಯ ಮರುದಿನ ಒಟ್ಟಿಗೆ ಬಂದವು. ನನ್ನದನ್ನು ಸ್ಟಾಫ್ ರೂಮಿನಲ್ಲಿ ಓದಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಈ ಉತ್ತರ ನಿನ್ನ ಕೈ ಸೇರುವ ಹೊತ್ತಿಗೆ ತಡವಾಗಿರುತ್ತದೆ. ಆದರೂ ನೀನು ಕೇಳಿದ್ದೀಯ, ಹೇಳುತ್ತೇನೆ. ಹೋಗು. ಕಾಯಿ ಒಡೆಯಬೇಕಾದರೆ ಒಡಿ.

ಅಜ್ಜಿಗೆ ಅವರ ಕಾಗದ ಓದಿದೆ. ‘ಭಜನೆ’ ಅಂದಾಗ ಹೂಂ ಅಂದರು. ‘ಕಾಯಿ ಚೆನ್ನಾಗಿದೆ’ ಅಂದಾಗ ಮತ್ತೆ ಓದು ಅಂದರು. ಮೂರು ಸಲ ಓದಿಸಿ, ‘ಸದ್ದು ಬರೀಲಿಲ್ವಲ್ಲೇ ಮೇಷ್ಟ್ರಮ್ಮ. ಕಾಯಿಗೆ ಏನೋ ಆಗೈತೆ’ ಎಂದು ಗೋಡೆಯ ಕಡೆ ತಿರುಗಿಬಿಟ್ಟರು. ರಾತ್ರಿ ಊಟ ಮಾಡಲಿಲ್ಲವಂತೆ.

ಅವರ ವಿಷಯದಲ್ಲಿ ನಾನೂ ಒಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೇನೆ. ಹೇಳುವುದಿಲ್ಲ ಎಂದು ಅವರಿಗೆ ಭಾಷೆ ಕೊಟ್ಟಿದ್ದೇನೆ. ನಿನ್ನ ಗುಟ್ಟು ಅವರಿಗೆ ಹೇಳದೆ, ಅವರ ಗುಟ್ಟು ನಿನಗೆ ಹೇಳದೆ, ನಡುವೆ ಕೂತು ನನಗೂ ಸಾಕಾಗಿದೆ.

ಶಿವರುದ್ರಮ್ಮ


ಕಾಲಿ ನಗರ
26 ನವೆಂಬರ್ 1983

ಟೀಚರ್,

ಅಜ್ಜಿ ಇದ್ದಾರಾ?

ಗೋಡೆ ಕಡೆ ತಿರುಗಿದರು ಎಂದು ಬರೆದಿದ್ದೀರಿ. ಜಗುಲಿಯಲ್ಲಿ ಕೂತವರು ಗೋಡೆ ಕಡೆ ತಿರುಗುವುದಿಲ್ಲ, ಮಲಗಿದವರು ತಿರುಗುತ್ತಾರೆ. ಭಾಷೆ ಕೊಟ್ಟದ್ದು ಏನು? ನಾನು ಕಾಯಿ ಒಡೆದದ್ದು ಅಕ್ಟೋಬರ್ ಹದಿನೇಳು, ಸೋಮವಾರ, ಇಲ್ಲಿಯ ಬೆಳಗ್ಗೆ ಹನ್ನೊಂದು. ಅಲ್ಲಿ ಆಗ ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ಅಜ್ಜಿಗೆ ಏನಾಯಿತು, ಅದೊಂದೇ ಬರೆಯಿರಿ.

ನಾನು ಹೊರಡುವುದರೊಳಗೆ ಉತ್ತರ ಬರುವುದಿಲ್ಲ. ಆದರೂ ಬರೆಯಿರಿ.

ಶಾಂತ


ದಬ್ಬೇಘಟ್ಟ
27 ನವೆಂಬರ್ 1983

ಮಗಾ ಶಾಂತೂ,

(ಇದೂ ಹೇಳಿದ ಹಾಗೇ. ಕಾರ್ಯಕ್ರಮದವರ ಕಾಗದ ಮೊನ್ನೆ ನಿಮ್ಮ ತಂದೆಗೆ ಬಂತು. ನಾನು ಓದಿ ಹೇಳಿದೆ. ಆಮೇಲೆ ನಿನ್ನ ಕಾಗದಗಳನ್ನೂ ಅಜ್ಜಿಯ ಮುಂದೆ ಪೂರ್ತಿ ಓದಿದೆ. ಬಿಳಿ ಎಂದು ಹೇಳಿ ಅಂದಿದ್ದೆಯಲ್ಲ, ಆ ಸಾಲನ್ನೂ ಓದಿಬಿಟ್ಟೆ. ಕ್ಷಮಿಸು. ಶಿವರುದ್ರಮ್ಮ.)

ಕಪ್ಪಗಿತ್ತು ಅಂದ ತಕ್ಷಣ ನನ್ನ ಎದೆ ಮೇಲಿಂದ ಕಲ್ಲು ಇಳಿಸಿದಂಗಾಯ್ತು ಕಣೇ. ಯಾಕೆ ಅಂತ ಹೇಳ್ತೀನಿ, ಕೇಳು.

ನೀನು ಹೊರಡೋ ಹಿಂದಿನ ಸಾಯಂಕಾಲ ನಿಮ್ಮಪ್ಪ ತೋಟಕ್ಕೆ ಹೋಗಿದ್ದ. ನಿನ್ನ ಮುಡಿಪಿಗೆ ಕಾಯಿ ಆರಿಸೋಕೆ ನಾನು ಅಟ್ಟ ಹತ್ತಿದೆ. ಬ್ಯಾರೆಯೋರು ಆರಿಸಿದ್ದು ಬೇಕಿರಲಿಲ್ಲ ನನಗೆ. ಒಂದೊಂದೇ ಕಿವಿಗಿಟ್ಟು ನೋಡಿ, ಎಲ್ಲಕ್ಕಿಂತ ಗಟ್ಟಿ ಸದ್ದಿಂದು ಮಡಿಲಿಗೆ ಹಾಕ್ಕೊಂಡು ಇಳಿಯೋವಾಗ ಏಣಿ ಜರುಗ್ತು. ನಾನು ಬಿದ್ದೆ, ಕಾಯೂ ಬಿತ್ತು. ಸೊಂಟದ ಮೂಳೆ ಬಿಟ್ಕಂತು. ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನೀನು ಹೋಗ್ತಿದ್ಯಾ? ತೆವಳ್ಕಂಡು ಜಗುಲಿಗೆ ಬಂದು ಕೂತೆ. ಬೆಳಗ್ಗೆ ನೀನು ಕಾಲಿಗೆ ಬಿದ್ದಾಗ ಏಳೋಕೆ ಆಗಲಿಲ್ಲ. ನೀನು ಕೋಪ ಅಂದ್ಕೊಂಡೆ. ಅದೇ ವಾಸಿ ಅಂತ ಸುಮ್ನಾದೆ.

ಕಾಯಿ ತಿರುಗಿಸಿ ನೋಡಿದ್ರೆ ಒಂದು ಕಡೆ ಕೂದಲೆಳೆಯಷ್ಟು ಬಿರುಕು. ಇನ್ನೊಂದು ತರೋಕೆ ಹತ್ತೋ ಹಂಗಿರಲಿಲ್ಲ. ಅದನ್ನೇ ಬಟ್ಟೆ ಸುತ್ತಿ ಕಟ್ಟಿಬುಟ್ಟೆ. ಬಿರುಕು ಬಿಟ್ಟ ಕಾಯಿಗೆ ಗಾಳಿ ಹೊಕ್ಕರೆ ಆ ಕಡೆ ಕೊಬ್ಬರಿ ಬೂಸಲು ಹಿಡಿದೇ ಹಿಡೀತದೆ, ಇದು ಅಟ್ಟ ಇರೋ ಮನೆಯೋರಿಗೆಲ್ಲಾ ಗೊತ್ತು. ನಿನ್ನ ಕಾಯಾಕೆ ಕೆಟ್ಟ ಕಾಯಿ ಕಳಿಸಿದೆನಲ್ಲಾ ಅಂತ ಮೂರು ತಿಂಗಳಿಂದ ನನಗೆ ನಿದ್ದೆ ಇಲ್ಲ. ಅದಕ್ಕೇ ಸದ್ದು ಬರಿ, ಸದ್ದು ಬರಿ ಅಂತ ಪ್ರಾಣ ತಿಂದದ್ದು. ಅದು ಕಪ್ಪಾದದ್ದು ನೀನು ಒಡೆದದ್ದಕ್ಕಲ್ಲ. ನಾನು ಬಿದ್ದದ್ದಕ್ಕೆ. ನೀನು ವಿಮಾನ ಹತ್ತೋ ಮೊದಲೇ ಆಗಿಹೋಗಿತ್ತು. ಕೇಡು ಕಾಯಿಗೇ ಮುಗೀತು, ನಿನಗೆ ತಗಲಲಿಲ್ಲ, ಅದಕ್ಕೇ ಎದೆ ಮೇಲಿನ ಕಲ್ಲು ಇಳಿದದ್ದು.

ಕೆಟ್ಟ ಕಾಯಿ ಒಬ್ಬ ಮುದುಕನ್ನ ಬಿಡಿಸ್ತಲ್ಲ. ಕೊಲ್ಲಾಪುರದಮ್ಮನ ಮುಂದೆ ಇದ್ದಿದ್ರೂ ಅದು ಇನ್ನೇನು ಮಾಡ್ತಿತ್ತು? ಅಮ್ಮನಿಗೆ ನಾನು ಹೇಳ್ಕಂಡಿದ್ದೀನಿ. ಸದ್ದು ಕೇಳಿ ಕಾಯಿ ಗುರುತು ಹಿಡಿದ ಆ ಮನುಷ್ಯ ನಮ್ಮ ಅಟ್ಟಕ್ಕೆ ಬಂದಿದ್ರೆ ನಿಮ್ಮಪ್ಪನಿಗಿಂತ ವಾಸಿ ಇರ್ತಿದ್ದ.

ನಿಮ್ಮಪ್ಪ ಆ ಇಂಗ್ಲಿಷ್ ಕಾಗದ ಕೇಳಿ ಕಲ್ಲು ಕೂತಂಗೆ ಕೂತಿದ್ದ. ಕುಣಿದವ್ಳೆ ಅಂದಾಗ ಹಲ್ಲು ಕಚ್ಚಿದ. ಆಮೇಲೆ ‘ಪೊಲೀಸರ ಮುಂದೆ ನಿಂತು ನಂದು ಅಂದ್ಲಾ?’ ಅಂತ ಕೇಳಿದ. ಅಂದ್ಲಂತೆ ಅಂದ್ರು ಮೇಷ್ಟ್ರಮ್ಮ. ಎದ್ದು ತೋಟಕ್ಕೆ ಹೋದ. ಕತ್ತಲಾದ ಮೇಲೆ ಬಂದು, ಬಾಗಿಲಲ್ಲೇ ನಿಂತು, ‘ಸೀಟು ಇಟ್ಕೊಳ್ಳಿ ಅಂತ ವಾರ್ಡನ್‌ಗೆ ಬರೆಸು’ ಅಂದ. ಕುಣಿದದ್ದರ ಮಾತು ನೀನು ಬಂದ ಮೇಲೆ ಇದ್ದೇ ಐತೆ. ಅದಕ್ಕೆ ಹೆದರ್ಕೊ. ಬ್ಯಾರೆ ಯಾವುದಕ್ಕೂ ಹೆದರಬೇಡ.

ನಾನೀಗ ಗೋಡೆ ಹಿಡ್ಕಂಡು ಬಚ್ಚಲ ತನಕ ಹೋಗ್ತೀನಿ. ನೀನು ಬರೋ ದಿನ ಜಗುಲಿಯಿಂದ ಎದ್ದು ಬಸ್ ನಿಲ್ಲೋ ಕಡೆಗೆ ಬತ್ತೀನಿ ಅಂತ ಇದ್ದೀನಿ.

ಅವತ್ತೂ ಏಳದೆ ಕೂತಿದ್ರೆ, ಕೋಪ ಅಂತ ಮಾತ್ರ ಅನ್ಕೋಬೇಡ.

ನಿನ್ನಜ್ಜಿ